ನಗಿಸುವ ಪತ್ತೇದಾರಿ ಕಾದಂಬರಿ ಬರೆಯುವ ಕ್ರಮ: ಮುಂಬಯಿಯ ಮಾಟುಂಗಾದ ಒಂದು ಚೀಟಿ ವ್ಯವಹಾರ ಇಟ್ಟುಕೊಂಡು

ನಗಿಸುವ ಪತ್ತೇದಾರಿ ಕಾದಂಬರಿಗೆ ಕೂತವರು ಸಾಮಾನ್ಯವಾಗಿ ಎರಡು ಪಟ್ಟಿ ಮಾಡಿಕೊಳ್ಳುತ್ತಾರೆ, ಒಂದು ಸುಳಿವುಗಳದ್ದು, ಇನ್ನೊಂದು ಜೋಕುಗಳದ್ದು. ಹಸ್ತಪ್ರತಿ ಕೆಡಲು ಶುರುವಾಗುವುದೇ ಅಲ್ಲಿಂದ. ಐದು ಪುಟ ತನಿಖೆ, ಎರಡು ಪುಟ ನಗೆ, ಮತ್ತೆ ತನಿಖೆ ಎಂದು ಓದುಗ ಆ ಬಂಡಿಯಿಂದ ಈ ಬಂಡಿಗೆ ಹತ್ತಿ ಇಳಿಯುತ್ತಿರಬೇಕಾಗುತ್ತದೆ. ಯಕ್ಷಗಾನದ ಒಳ್ಳೆಯ ಹಾಸ್ಯಗಾರರು ಹೀಗೆ ಮಾಡುವುದಿಲ್ಲ. ದೂತನಾಗಿ ಬಂದರೆ ನಗಿಸುತ್ತಲೇ ಸುದ್ದಿ ಮುಟ್ಟಿಸುತ್ತಾರೆ. ಅವರ ಮಾತು ತೆಗೆದರೆ ಪ್ರಸಂಗವೇ ಮುಂದೆ ಹೋಗದು. ಕಾದಂಬರಿಯ ನಗೆಗೂ ಅದೇ ಕೆಲಸ ಕೊಡಬೇಕು.

ಅದಕ್ಕೆ ದಾರಿ ಒಂದೇ. ನಗೆ, ಸುಳಿವು, ಪಾಪಪ್ರಜ್ಞೆ ಮೂರೂ ಒಂದೇ ಪ್ರಶ್ನೆಯಿಂದ ಹುಟ್ಟಬೇಕು: ಈ ನಷ್ಟ ಕೊನೆಗೆ ಯಾರ ಲೆಕ್ಕಕ್ಕೆ ಬಿತ್ತು? ಮುಂಬಯಿಯ ಕನ್ನಡ ಬದುಕಿನಲ್ಲಿ ಈ ಪ್ರಶ್ನೆಗೆ ಬೇಕಾದ ಸಾಮಗ್ರಿ ಧಾರಾಳವಾಗಿದೆ. ಹೊಟೇಲಿನ ಗಲ್ಲಾ, ಚಾಲಿನ ಪಾಗಡಿ ಖೋಲಿ (ದೊಡ್ಡ ಮುಂಗಡ ಕೊಟ್ಟು ಹಿಡಿದ ಬಾಡಿಗೆ ಕೋಣೆ), ಸಂಘದ ವಂತಿಗೆ, ಮಳೆಗಾಲದಲ್ಲಿ ಊರಿನಿಂದ ಬರುವ ಯಕ್ಷಗಾನ ಮೇಳದ ಖರ್ಚು, ಎಲ್ಲದರ ಹಿಂದೆಯೂ ನಂಬಿಕೆಯ ಮೇಲೆ ಕೈ ಬದಲಿಸಿದ ಹಣವಿದೆ. ಇಲ್ಲಿ ಚೀಟಿಯನ್ನು ಆರಿಸಿಕೊಂಡಿದ್ದೇವೆ.

1. ಮೊದಲು ಅಪರಾಧದ ಲೆಕ್ಕ

ಪಾತ್ರಗಳಿಗೆ ಹೆಸರಿಡುವ ಮುನ್ನ ಒಂದು ಹಾಳೆಯಲ್ಲಿ ಹಣದ ಓಡಾಟ ಬರೆಯಿರಿ. ಉದಾಹರಣೆಯ ಚೀಟಿ ಹೀಗಿದೆ: 20 ಸದಸ್ಯರು, ತಿಂಗಳಿಗೆ 5,000 ರೂಪಾಯಿ ಕಂತು, 20 ತಿಂಗಳು. ತಿಂಗಳ ಮೊತ್ತ 1,00,000, ಅದನ್ನು ಪ್ರತಿ ತಿಂಗಳು ಸದಸ್ಯರಲ್ಲಿ ಒಬ್ಬರು ಎತ್ತುತ್ತಾರೆ. ನಡೆಸುವವನು ಸದಾನಂದ, ಮಾಟುಂಗಾದ ಒಂದು ಉಡುಪಿ ಹೊಟೇಲಿನ ಮ್ಯಾನೇಜರ್. ಅವನು ಈ ಇಪ್ಪತ್ತು ಜನರಲ್ಲಿ ಒಬ್ಬನಲ್ಲ. ಲೆಕ್ಕ ಸುಲಭವಾಗಲೆಂದು ಹರಾಜಿನ ಕಡಿತವನ್ನೂ ಕಮಿಷನ್ನನ್ನೂ ಸದ್ಯ ಬದಿಗಿಡಿ.

ಹನ್ನೆರಡನೇ ತಿಂಗಳ ಕಂತು ಕೂಡಿಸಿಕೊಂಡು, ಯಾರಿಗೂ ಕೊಡದೆ, ಸದಾನಂದ ಕಾಣೆಯಾಗುತ್ತಾನೆ. ಅಷ್ಟರಲ್ಲಿ 11 ಜನ ಚೀಟಿ ಎತ್ತಿಯಾಗಿದೆ. ಉಳಿದ 9 ಜನ ತಲಾ 60,000 ಕಟ್ಟಿದ್ದಾರೆ, ಒಂದು ಪೈಸೆ ಪಡೆದಿಲ್ಲ. ಅವರ ಒಟ್ಟು ನಷ್ಟ 5,40,000.

ಸದಾನಂದ ಒಯ್ದದ್ದು ಎಷ್ಟು? ಒಂದು ತಿಂಗಳ ಮೊತ್ತ, 1,00,000. ಉಳಿದ 4,40,000 ಎಲ್ಲಿ ಹೋಯಿತು? ಚೀಟಿ ಎತ್ತಿದ ಹನ್ನೊಂದು ಜನರ ಜೇಬಿನಲ್ಲೇ ಇದೆ. ಪ್ರತಿಯೊಬ್ಬರೂ ಲಕ್ಷ ಪಡೆದು 60,000 ಕಟ್ಟಿದ್ದಾರೆ. ನಡೆಸುವವನೇ ಇಲ್ಲವೆಂದಾದರೆ ಮುಂದಿನ ಎಂಟು ಕಂತು ಕೇಳುವವರಿಲ್ಲ, ತಲಾ 40,000 ಉಳಿಯಿತು.

ಕಾದಂಬರಿಯ ಜೀವ ಇರುವುದು ಇಲ್ಲಿ. ಕಳ್ಳನನ್ನು ಎಲ್ಲರಿಗಿಂತ ಜೋರಾಗಿ ಬೈಯುವ ಹನ್ನೊಂದು ಮರ್ಯಾದಸ್ಥರು, ಅವನು ಸಿಗದಿರಲಿ ಎಂದು ಒಳಗೊಳಗೇ ಹಾರೈಸುತ್ತಿರುತ್ತಾರೆ. ಯಾರೂ ಸುಳ್ಳುಗಾರರಲ್ಲ, ಯಾರೂ ಪೂರಾ ನಿಜ ಹೇಳುವುದಿಲ್ಲ. ಬೇರೆ ಜೋಕು ಹುಡುಕುವ ಅಗತ್ಯ ಬೀಳದು.

ನಷ್ಟದ ಲೆಕ್ಕ ಒಮ್ಮೆ ತಿರುಗಿದರೆ ಸಾಲದು, ಕಾದಂಬರಿಯಲ್ಲಿ ಮೂರು ಸಲ ತಿರುಗಬೇಕು. ಮೊದಲ ನೋಟಕ್ಕೆ ಕಳ್ಳ ಸದಾನಂದ. ಎರಡನೆಯ ನೋಟಕ್ಕೆ ಲಾಭ ಹನ್ನೊಂದು ಜನರದ್ದು. ಮೂರನೆಯದು ಚೀಟಿ ಪುಸ್ತಕ ಸಿಕ್ಕ ಮೇಲೆ: ಚೀಟಿ ಎತ್ತಿದವರಲ್ಲಿ ಮೂವರು ಆರನೇ ತಿಂಗಳಿಂದಲೇ ಕಂತು ನಿಲ್ಲಿಸಿದ್ದರು. ಏಳು ತಿಂಗಳು, ಮೂವರು, ತಲಾ 5,000, ಒಟ್ಟು 1,05,000. ಅದನ್ನು ಸದಾನಂದ ಯಾರಿಗೂ ಹೇಳದೆ ತನ್ನ ಕೈಯಿಂದ ತುಂಬಿದ್ದ. ಅಂದರೆ ಓಡಿಹೋದ ಕಳ್ಳನೇ ಇನ್ನೂ 5,000 ಕಳೆದುಕೊಂಡಿದ್ದಾನೆ.

ನಿಮ್ಮ ಅಪರಾಧ ಚೀಟಿಯದ್ದೇ ಆಗಬೇಕಿಲ್ಲ. ದೇವಸ್ಥಾನದ ಹುಂಡಿ, ಮೇಳದ ಕಿರೀಟ, ಖೋಲಿಯ ಪಾಗಡಿ, ಯಾವುದಾದರೂ ಸರಿ. ಆದರೆ ಈ ಹಾಳೆ ತುಂಬುವ ತನಕ ಮೊದಲ ಅಧ್ಯಾಯಕ್ಕೆ ಕೈ ಹಾಕಬೇಡಿ. ಮೊತ್ತ ಚಿಕ್ಕದಿರಲಿ. ಐದು ಕೋಟಿ ಕಳೆದುಕೊಂಡವರ ಸಂಕಟ ಓದುಗನಿಗೆ ದೂರದ್ದು, ಅರವತ್ತು ಸಾವಿರದ್ದು ಅವನ ಮನೆಯದ್ದೇ.

2. ಪೊಲೀಸರು ಮೊದಲ ದಿನವೇ ಏಕೆ ಬರಲಿಲ್ಲ?

ಹವ್ಯಾಸಿ ಪತ್ತೇದಾರರಿರುವ ಯಾವ ಕಾದಂಬರಿಗೂ ಓದುಗ ಕೇಳುವ ಮೊದಲ ಪ್ರಶ್ನೆ ಇದು. ಚೀಟಿಯಲ್ಲಿ ಉತ್ತರ ಸಿದ್ಧವಾಗಿದೆ. 1982ರ ಚಿಟ್ ಫಂಡ್ಸ್ ಕಾಯ್ದೆಯ ಪ್ರಕಾರ ಚೀಟಿ ನಡೆಸಲು ರಾಜ್ಯ ಸರ್ಕಾರದ ಪೂರ್ವಾನುಮತಿ ಬೇಕು, ನೋಂದಣಿ ಬೇಕು. ನಡೆಸುವವನ ಕಮಿಷನ್ನಿಗೂ ಮಿತಿಯಿದೆ. ಮೊದಲು ಶೇ. 5 ಇದ್ದದ್ದನ್ನು 2019ರ ತಿದ್ದುಪಡಿಯಲ್ಲಿ ಶೇ. 7 ಮಾಡಲಾಯಿತು. ಗಲ್ಲಾದ ಹಿಂದೆ ನೋಟ್‌ಬುಕ್ಕಿನಲ್ಲಿ ನಡೆಯುವ ಚೀಟಿಗೆ ಇದಾವುದೂ ಇರುವುದಿಲ್ಲ. ಮರಾಠಿ ನೆರೆಹೊರೆಯವರು ‘ಭಿಶಿ’ ಎನ್ನುವುದೂ ಬಹುಮಟ್ಟಿಗೆ ಇಂಥದ್ದನ್ನೇ. ಠಾಣೆಗೆ ಹೋದರೆ ಮೊದಲ ಪ್ರಶ್ನೆ ತಮ್ಮ ಮೇಲೇ ಬೀಳುತ್ತದೆ ಎಂಬ ಅಂಜಿಕೆ ಸದಸ್ಯರಿಗೆ ಸಹಜ. ಹೋಗೋಣ ಎನ್ನುವ ಒಂಬತ್ತು ಜನ, ಸ್ವಲ್ಪ ತಡೆಯೋಣ ಎನ್ನುವ ಹನ್ನೊಂದು ಜನ: ಇದನ್ನು ಮೂರನೆಯ ಅಧ್ಯಾಯದ ಸಭೆಯಾಗಿ ಬರೆಯಿರಿ.

ಠಾಣೆಯ ದೃಶ್ಯ ಬಂದೇ ಬರುತ್ತದೆ, ಆಗ ವಿವರ ತಪ್ಪಬಾರದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಜನ ಬಾಯಲ್ಲಿ ಈಗಲೂ ‘ಫೋರ್ ಟ್ವೆಂಟಿ’ ಎಂದೇ ಬೈಯುತ್ತಾರೆ, ಆದರೆ ಎಫ್‌ಐಆರ್‌ನಲ್ಲಿ ವಂಚನೆಗೆ ಬರುವುದು ಕಲಂ 318, ನಂಬಿಕೆ ದ್ರೋಹಕ್ಕೆ 316. ಕತೆ ಆ ದಿನಾಂಕಕ್ಕಿಂತ ಹಿಂದಿನದಾದರೆ ಹಳೆಯ ಭಾರತೀಯ ದಂಡ ಸಂಹಿತೆಯ 420 ಮತ್ತು 406. ಮುಂಬಯಿ ಠಾಣೆಯಲ್ಲಿ ಪಿಎಸ್‌ಐ ಮತ್ತು ಪಿಐ ನಡುವೆ ಎಪಿಐ (ಸಹಾಯಕ ಇನ್ಸ್‌ಪೆಕ್ಟರ್) ಎಂಬ ಹುದ್ದೆಯಿದೆ, ಊರಿನ ಠಾಣೆ ನೋಡಿ ಬರೆಯುವವರು ಇದನ್ನು ಬಿಟ್ಟುಬಿಡುತ್ತಾರೆ. ಹೇಳಿಕೆ ಮರಾಠಿಯಲ್ಲಿ ದಾಖಲಾಗುತ್ತದೆ. ತುಳು ಮನಸ್ಸಿನಲ್ಲಿ ಹುಟ್ಟಿ, ಹಿಂದಿಯಲ್ಲಿ ಹೊರಬಂದು, ಮರಾಠಿಯಲ್ಲಿ ಬರೆಸಿಕೊಂಡ ಹೇಳಿಕೆಯಲ್ಲಿ ಏನೇನು ಬದಲಾಯಿತು ಎಂಬುದು ನಗೆಯೂ ಹೌದು, ಸುಳಿವೂ ಹೌದು.

3. ಪ್ರತಿ ಪಾತ್ರಕ್ಕೆ ನಾಲ್ಕು ಸಾಲು

ಎತ್ತರ, ಬಣ್ಣ, ಮೀಸೆ ಆಮೇಲೆ. ಮುಖ್ಯ ಪಾತ್ರಗಳು ಆರೇಳಕ್ಕಿಂತ ಹೆಚ್ಚಾಗದಿರಲಿ. ಒಬ್ಬೊಬ್ಬರಿಗೂ ಈ ನಾಲ್ಕನ್ನು ಬರೆದುಕೊಳ್ಳಿ: ಇವರಿಗೆ ಏನು ಬೇಕು, ಯಾವ ನಿಯಮವನ್ನು ಎಂದೂ ಮುರಿಯುವುದಿಲ್ಲ, ತಪ್ಪು ಮಾಡುವಾಗ ತಮಗೆ ತಾವೇ ಹೇಳಿಕೊಳ್ಳುವ ಸಬೂಬು ಯಾವುದು, ತಮ್ಮ ಬಗ್ಗೆ ಕಾಣದೇ ಉಳಿದಿರುವುದು ಏನು.

ಸದಾನಂದ: ಎಲ್ಲರ ಬಾಯಲ್ಲೂ ‘ಅಣ್ಣ’ ಅನ್ನಿಸಿಕೊಳ್ಳಬೇಕು. ಗಲ್ಲಾದ ಹತ್ತಿರ ಬಂದವರನ್ನು ಚಹಾ ಕುಡಿಸದೆ ಕಳಿಸುವುದಿಲ್ಲ. ಸಬೂಬು: ‘ಮುಂದಿನ ತಿಂಗಳು ಸರಿ ಆಗ್ತದೆ.’ ಕಾಣದ್ದು: ಇಲ್ಲ ಎನ್ನಲಾಗದ ತನ್ನ ಸ್ವಭಾವವನ್ನೇ ಅವನು ಔದಾರ್ಯ ಎಂದುಕೊಂಡಿದ್ದಾನೆ.

ಸುಮತಿ ಟೀಚರ್: ಮಹಾನಗರಪಾಲಿಕೆಯ ಕನ್ನಡ ಶಾಲೆಯಿಂದ ನಿವೃತ್ತರು, ನಮ್ಮ ಪತ್ತೇದಾರರು. ಬೇಕಾದದ್ದು ಸರಿಯುತ್ತರ. ನಿಯಮ: ಲೆಕ್ಕದಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ಮೊದಲಿನಿಂದ ಕೂಡಿಸುವುದು. ಅವರೂ ಚೀಟಿ ಎತ್ತಿದ ಹನ್ನೊಂದು ಜನರಲ್ಲಿ ಒಬ್ಬರಾಗಿರಲಿ. ಸದಾನಂದ ಸಿಕ್ಕರೆ ಅವರ ಪಿಂಚಣಿಯಿಂದ 40,000 ಹೋಗುತ್ತದೆ. ತನಿಖೆ ಮುಂದುವರಿದಷ್ಟೂ ತನಿಖೆ ಮಾಡುವವರಿಗೇ ಖರ್ಚು. ಪತ್ತೇದಾರರಿಗೆ ಪಣವಿಲ್ಲದ ಕಾದಂಬರಿ ಪದಬಂಧವಾಗಿ ಉಳಿಯುತ್ತದೆ.

ವಿಠಲ: ಕಂತು ನಿಲ್ಲಿಸಿದ ಮೂವರಲ್ಲಿ ಒಬ್ಬ. ಯಾರ ಹತ್ತಿರವೂ ಬಾಯಿಬಿಟ್ಟು ಸಾಲ ಕೇಳುವುದಿಲ್ಲ ಎಂಬುದು ಅವನ ಹೆಮ್ಮೆ. ಕೇಳದೇ ಇಟ್ಟುಕೊಂಡದ್ದು ಸಾಲವಲ್ಲ ಎಂಬುದು ಸಬೂಬು.

ಬಸು ಮತ್ತು ರಾಜು: ಹೊಟೇಲಿನಲ್ಲಿ ಪಾತ್ರೆ ತೊಳೆಯುವ ಹುಡುಗರು. ಇಬ್ಬರೂ ಸೇರಿ ಒಂದೇ ಚೀಟಿ ಕಟ್ಟುತ್ತಾರೆ, ತಲಾ 2,500. ಅವರು ಒಂಬತ್ತರ ಕಡೆಯವರು. ಇವರಿಗೂ ನಾಲ್ಕು ಸಾಲು ಬರೆಯಲೇಬೇಕು. ಬರೆಯದಿದ್ದರೆ ಪಾಪದ ಹುಡುಗರಾಗಿ ಮೂಲೆಯಲ್ಲಿ ನಿಲ್ಲುತ್ತಾರೆ, ಓದುಗ ಅವರಿಗಾಗಿ ಮರುಗುತ್ತಾನೆಯೇ ಹೊರತು ಅವರ ಮಾತಿಗೆ ಕಾಯುವುದಿಲ್ಲ.

ನಿಯಮಕ್ಕೂ ಸಬೂಬಿಗೂ ನಡುವಿನ ಸಂದಿಯಲ್ಲಿ ನಗೆ ಹುಟ್ಟುತ್ತದೆ. ಒಂದು ಸಣ್ಣ ಮಾದರಿ (ಆಟಿ ಎಂದರೆ ತುಳುನಾಡಿನಲ್ಲಿ ಮದುವೆ ಮುಂಜಿ ನಡೆಯದ ಮಳೆಗಾಲದ ತಿಂಗಳು):

“ಸದಾನಂದಣ್ಣ ಎಲ್ಲಿ, ವಿಠಲ?”

“ಊರಿಗೆ ಹೋಗಿರಬೇಕು ಟೀಚರ್.”

“ಆಟಿಯಲ್ಲಿ ಊರಿಗಾ? ಯಾರ ಮದುವೆ ಉಂಟು ಅಲ್ಲಿ?”

“ಮದುವೆಗೇ ಹೋಗ್ಬೇಕಂತ ಉಂಟಾ? ನಂಗೂ ನಾಲ್ಕು ದಿನ ಹೋಗಿ ಬರುವಾ ಅಂತ ಕಾಣ್ತದೆ. ಈ ತಿಂಗಳು ಹೇಗೂ ಕಂತು ಕೇಳುವವರಿಲ್ಲ ಅಲ್ವಾ.”

ಕೊನೆಯ ಮಾತಿಗೆ ಓದುಗ ನಗುತ್ತಾನೆ. ಹತ್ತು ಅಧ್ಯಾಯ ಕಳೆದ ಮೇಲೆ ಅದೇ ಮಾತು ನೆನಪಾಗಬೇಕು. ಪ್ರತಿ ನಗೆಯ ಸಾಲಿಗೂ ಈ ಪರೀಕ್ಷೆ ಮಾಡಿ: ಸಾಲನ್ನು ಅಳಿಸಿದರೆ ತನಿಖೆಗೆ ಏನಾದರೂ ಕೊರತೆಯಾಗುತ್ತದೆಯೇ? ಆಗದಿದ್ದರೆ ಅಳಿಸಿಯೇ ಬಿಡಿ, ಎಷ್ಟೇ ಚೆನ್ನಾಗಿದ್ದರೂ.

ಸದಾನಂದನಿಗೆ ಹಾಸಿಗೆ ಹಿಡಿದ ತಾಯಿಯನ್ನು ಮಾತ್ರ ಕೊಡಬೇಡಿ. ಕಾಯಿಲೆಯ ತಾಯಿ, ಮದುವೆಯಾಗದ ತಂಗಿ ಬಂದ ಕೂಡಲೇ ಓದುಗ ಕಳ್ಳನನ್ನು ಕ್ಷಮಿಸಿ ಪುಸ್ತಕ ಮಡಚುತ್ತಾನೆ, ಮುಂದಿನ ನೂರು ಪುಟಕ್ಕೆ ಕೆಲಸವೇ ಉಳಿಯುವುದಿಲ್ಲ.

4. ಹೆಸರು ಮತ್ತು ಆಡುಮಾತು

ಕರಾವಳಿಯವರ ಅಡ್ಡಹೆಸರು ಕೇಳಿದರೆ ಬಹಳ ಸಲ ಜಾತಿ ಗೊತ್ತಾಗಿಬಿಡುತ್ತದೆ. ಆದ್ದರಿಂದ ಕಳ್ಳನಿಗೆ, ಜಿಪುಣನಿಗೆ, ಕುಡುಕನಿಗೆ ಯಾವ ಅಡ್ಡಹೆಸರು ಕೊಟ್ಟಿದ್ದೀರಿ ಎಂದು ಪಟ್ಟಿ ಮಾಡಿ. ನಂತರ ಇಬ್ಬರ ಅಡ್ಡಹೆಸರು ಅದಲುಬದಲು ಮಾಡಿ ಅದೇ ದೃಶ್ಯ ಓದಿ. ನಗೆ ಮಾಯವಾದರೆ ಅದು ಪಾತ್ರದ ನಗೆಯಾಗಿರಲಿಲ್ಲ, ಜಾತಿಯ ಮೇಲಿನ ನಗೆಯಾಗಿತ್ತು. ಅಂಥದ್ದನ್ನು ಉಳಿಸಿಕೊಳ್ಳಬೇಡಿ.

ಭಾಷೆಗೂ ಇದೇ ಮಾತು. ಬಸು ವಿಜಯಪುರದ ಕಡೆಯವನಾದರೆ ‘ಐತಿ, ಹೋಗ್ಯಾನ’ ಎನ್ನುತ್ತಾನೆ, ಸದಾನಂದ ‘ಉಂಟು, ಹೋಗಿದ್ದಾನೆ ಮಾರಾಯ’ ಎನ್ನುತ್ತಾನೆ, ಮುಂಬಯಿಯಲ್ಲೇ ಹುಟ್ಟಿದ ಮಗಳು ಅರ್ಧ ಹಿಂದಿಯಲ್ಲಿ ಉತ್ತರಿಸುತ್ತಾಳೆ. ಇವರು ಮಾತಾಡುವ ರೀತಿ ನಗೆಗೆ ವಸ್ತುವಾಗಬಾರದು, ಮಾತಿನಲ್ಲಿ ಮುಚ್ಚಿಟ್ಟದ್ದು ಆಗಬೇಕು. ಆಡುಮಾತನ್ನು ಸಂಭಾಷಣೆಯೊಳಗೆ ಮಾತ್ರ ಬಳಸಿ. ನಿರೂಪಣೆಗೂ ಹರಿದರೆ ಮೂರು ಪುಟದಲ್ಲಿ ಓದುಗ ದಣಿಯುತ್ತಾನೆ.

5. ಸಂಕೇತ: ಒಂದೇ ವಸ್ತು, ಮೂರು ಕೆಲಸ

ಸಂಕೇತಕ್ಕೆಂದೇ ವಸ್ತು ತರಬೇಡಿ. ದೃಶ್ಯದಲ್ಲಿ ಮೊದಲೇ ಬಳಕೆಯಲ್ಲಿರುವ ಸಾಮಾನನ್ನು ಹಿಡಿಯಿರಿ. ಅದು ದಿನಬಳಕೆಗೆ ಬರಬೇಕು, ಸುಳಿವಾಗಬೇಕು, ಕೊನೆಗೆ ಅರ್ಥವನ್ನೂ ಹೊರಬೇಕು, ಈ ಕ್ರಮದಲ್ಲೇ. ಮೊದಲೇ ಅರ್ಥ ಹೊರಿಸಿದರೆ ಓದುಗ ಅದನ್ನು ಸುಳಿವೆಂದು ನೋಡುವುದಿಲ್ಲ, ಅಲಂಕಾರ ಎಂದು ದಾಟಿಹೋಗುತ್ತಾನೆ.

ಇಲ್ಲಿ ಸದಾನಂದನ ಕಪ್ಪು ಕೊಡೆ ಸಾಕು. ಮುಂಬಯಿಗೆ ಮಳೆಗಾಲ ಕಾಲಿಡುವ ವಾಡಿಕೆಯ ದಿನ ಜೂನ್ 11, ಹಿಂದೆ ಸರಿಯುವುದು ಅಕ್ಟೋಬರ್ ಮೊದಲ ವಾರ ಕಳೆದ ಮೇಲೆ. ಕತೆಯನ್ನು ಜುಲೈ ಕೊನೆಗೆ, ಆಟಿ ತಿಂಗಳಿಗೆ ಇಡಿ. ಊರಿನಲ್ಲಿ ಮದುವೆ ಮುಂಜಿ ಇಲ್ಲ, ಅಲ್ಲಿಗೆ ಹೋಗಲು ನೆಪವೂ ಇಲ್ಲ. (2005ರ ಜುಲೈ ಆರಿಸಿದರೆ 26ರಂದು ಸಾಂತಾಕ್ರೂಜ್‌ನಲ್ಲಿ ಸುರಿದ 944 ಮಿಲಿಮೀಟರ್ ಮಳೆಯನ್ನು ತಪ್ಪಿಸಿಕೊಳ್ಳಲಾಗದು, ಅದು ನಿಮ್ಮ ಕತೆಯನ್ನೇ ನುಂಗುತ್ತದೆ.)

ಮೊದಲ ಸಲ, ಎರಡನೆಯ ಅಧ್ಯಾಯದಲ್ಲಿ, ಕೊಡೆ ಬರೀ ಕೊಡೆ. ಗಲ್ಲಾದ ಹಿಂದಿನ ಮೊಳೆಯಲ್ಲಿ ತೂಗುತ್ತದೆ, ಮಳೆಗೆ ಸಿಕ್ಕಿಕೊಂಡ ಗಿರಾಕಿಗೆ ಸದಾನಂದ ಕೊಟ್ಟು ಕಳಿಸುತ್ತಾನೆ, ವಾಪಸು ಕೇಳುವುದಿಲ್ಲ, ತಾನೇ ನೆನೆಯುತ್ತಾನೆ. ಇದು ನಗೆಯ ದೃಶ್ಯ. ಅವನ ನಡತೆಯೆಲ್ಲ ಇದರಲ್ಲಿದೆ, ಆದರೆ ನೀವು ಹೇಳಬೇಡಿ.

ಎರಡನೆಯ ಸಲ ಅದು ಸುಳಿವು. ಕಾಣೆಯಾದ ಭಾನುವಾರ ಸಂಜೆ ನಾಲ್ಕರಿಂದ ಮಳೆ ಬಿಟ್ಟಿಲ್ಲ. ಸದಾನಂದ ಎಂಟು ಗಂಟೆಗೆ ಇದೇ ಕೊಡೆ ಹಿಡಿದು ಸ್ಟೇಷನ್ ಕಡೆಯಿಂದ ಬಂದದ್ದನ್ನು ನೋಡಿದೆ ಎನ್ನುತ್ತಾನೆ ವಿಠಲ. ಒಂಬತ್ತೂವರೆಗೆ ಟೀಚರ್ ಮುಟ್ಟಿ ನೋಡಿದಾಗ ಬಟ್ಟೆ ಪೂರಾ ಒಣಗಿದೆ. ಜುಲೈ ಮುಂಬಯಿಯ ತೇವದ ಗಾಳಿಯಲ್ಲಿ ಮಡಚಿಟ್ಟ ಕೊಡೆ ಒಂದೂವರೆ ಗಂಟೆಯಲ್ಲಿ ಒಣಗದು. ಸದಾನಂದ ಹೋದದ್ದು ಮಳೆಗೆ ಮೊದಲೇ, ವಿಠಲ ಅವನನ್ನು ಕಂಡದ್ದೂ ಆಗಲೇ. ಸದಾನಂದ ಬಾಕಿ ಕೇಳಿದಾಗ ಕೊಡುವುದಿಲ್ಲ ಎಂದದ್ದನ್ನು ಮುಚ್ಚಲು ವಿಠಲ ಹೊತ್ತು ಬದಲಿಸಿದ್ದಾನೆ.

ಮೂರನೆಯ ಸಲ ಯಾರ ಕೈಗೆ ಹೋಗುತ್ತದೆ ಎಂಬುದು ಅರ್ಥ. ಬಸು ಯಾರನ್ನೂ ಕೇಳದೆ ಮೊಳೆಯಿಂದ ತೆಗೆದು ಹೊರಗೆ ಹೋದರೆ ಒಂದು ಅರ್ಥ, ವಿಠಲ ತಂದು ನೇತುಹಾಕಿದರೆ ಇನ್ನೊಂದು. ಆರಿಸಿಕೊಂಡು, ಒಂದು ವಾಕ್ಯದಲ್ಲಿ ಮುಗಿಸಿ. ‘ನಂಬಿಕೆಯ ನೆರಳಿನಂತೆ’ ಎಂಬ ಜಾತಿಯ ಸಾಲು ಬಂದರೆ ಮೂರೂ ದೃಶ್ಯ ಹಾಳು. ಅರವತ್ತು ಸಾವಿರ ಪದಗಳ ಕಾದಂಬರಿಯಲ್ಲಿ ಈ ವಸ್ತು ಮೂರರಿಂದ ಐದು ಸಲ ಕಂಡರೆ ಸಾಕು.

6. ಊರು ಮತ್ತು ಗಡಿಯಾರ

ಮಾಟುಂಗಾ ಇಂಥ ಕತೆಗೆ ಹೇಳಿ ಮಾಡಿಸಿದ ಜಾಗ. ಮಧ್ಯ ರೈಲ್ವೆಯ ಮಾಟುಂಗಾ, ಪಶ್ಚಿಮ ರೈಲ್ವೆಯ ಮಾಟುಂಗಾ ರೋಡ್, ಹಾರ್ಬರ್ ಮಾರ್ಗದ ಕಿಂಗ್ಸ್ ಸರ್ಕಲ್, ಮೂರೂ ನಡೆದು ಹೋಗುವಷ್ಟು ಹತ್ತಿರ. ‘ಸ್ಟೇಷನ್ನಿನಲ್ಲಿ ನೋಡಿದೆ’ ಎಂದವನಿಗೆ ‘ಯಾವ ಸ್ಟೇಷನ್?’ ಎಂದು ಕೇಳುವುದು ಮುಂಬಯಿಯ ಸಹಜ ಪ್ರಶ್ನೆ, ತನಿಖೆಗೂ ಅಷ್ಟೇ ಸಹಜ. ಮಧ್ಯ ರೈಲ್ವೆಯ ಫಾಸ್ಟ್ ಲೋಕಲ್‌ಗಳು ಮಾಮೂಲಿಯಾಗಿ ದಾದರ್ ಬಿಟ್ಟರೆ ಕುರ್ಲಾದಲ್ಲೇ ನಿಲ್ಲುತ್ತವೆ, ಮಾಟುಂಗಾಕ್ಕೆ ಸ್ಲೋ ಹಿಡಿಯಬೇಕು. ಭಾನುವಾರ ಮೆಗಾಬ್ಲಾಕ್ (ಹಳಿ ದುರಸ್ತಿಗಾಗಿ ಸಂಚಾರ ತಡೆ) ಇದ್ದರೆ ಗಾಡಿಗಳು ಹಳಿ ಬದಲಿಸುತ್ತವೆ, ಕೆಲವು ನಿಲ್ದಾಣ ಬಿಟ್ಟುಹೋಗುತ್ತವೆ. ನಡುರಾತ್ರಿ ಸುಮಾರು ಒಂದರ ನಂತರ ನಾಲ್ಕರ ತನಕ ಲೋಕಲ್ ಇರುವುದಿಲ್ಲ, ಆ ಹೊತ್ತಿನಲ್ಲಿ ಓಡಾಡಿದವರಿಗೆ ಟ್ಯಾಕ್ಸಿಯವನ ಸಾಕ್ಷಿ ಬೇಕು.

ಅಪರಾಧದ ದಿನಕ್ಕೆ ಒಂದು ಕೋಷ್ಟಕ ಹಾಕಿ. ಎಡಕ್ಕೆ ಮಧ್ಯಾಹ್ನ ಮೂರರಿಂದ ಬೆಳಗಿನ ನಾಲ್ಕರವರೆಗೆ ಅರ್ಧ ಗಂಟೆಗೊಂದು ಸಾಲು, ಮೇಲೆ ಪಾತ್ರಗಳ ಹೆಸರು. ಪ್ರತಿ ಮನೆಯಲ್ಲಿ ಎರಡು ವಿವರ: ನಿಜವಾಗಿ ಎಲ್ಲಿದ್ದರು, ಎಲ್ಲಿದ್ದೆ ಎಂದು ಹೇಳುತ್ತಾರೆ. ಎರಡೂ ಬೇರೆಯಾದ ಕಡೆ ಕೆಂಪು ಗುರುತು. ಗುರುತು ಒಂದೇ ಪಾತ್ರದ ಕೆಳಗೆ ಇದ್ದರೆ ಓದುಗ ಆರನೇ ಅಧ್ಯಾಯದಲ್ಲೇ ಹಿಡಿಯುತ್ತಾನೆ. ಕನಿಷ್ಠ ನಾಲ್ವರಾದರೂ ಬೇರೆ ಬೇರೆ ಕಾರಣಕ್ಕೆ ಸುಳ್ಳು ಹೇಳುತ್ತಿರಬೇಕು.

ರಸ್ತೆ, ನಿಲ್ದಾಣ, ಹೂವಿನ ಬಜಾರು ನಿಜವಾದವೇ ಇರಲಿ. ಅಪರಾಧ ನಡೆಯುವ ಹೊಟೇಲು, ಸಂಘ, ಗಣೇಶ ಮಂಡಲ ಮಾತ್ರ ಕಲ್ಪಿತವಾಗಿರಬೇಕು. ಮಾನಹಾನಿಯ ಕಲಂ (ಈಗ 356) ಒಂದು ಕಾರಣ. ನಿಜವಾದ ಸಂಸ್ಥೆಯಲ್ಲಿ ಕಂತು ಕಟ್ಟಿದ ನಿಜವಾದ ಜನ ಇರುತ್ತಾರೆ ಎಂಬುದು ಅದಕ್ಕಿಂತ ದೊಡ್ಡ ಕಾರಣ.

7. ನೀತಿ: ಯಾರು ಎಷ್ಟು ಕೊಡುತ್ತಾರೆ

ಕೊನೆಯ ಅಧ್ಯಾಯದಲ್ಲಿ ಪೊಲೀಸ್ ಕೈಕೋಳ ತೊಡಿಸಿದರೆ ನೀತಿ ಬಂತು ಎಂದುಕೊಳ್ಳುವವರು ಬಹಳ. ಅದು ಕಾನೂನು. ನೀತಿ ಇರುವುದು ಅದಕ್ಕೆ ಹಿಂದಿನ ಸಭೆಯಲ್ಲಿ. ಅಲ್ಲಿಗೂ ಲೆಕ್ಕವೇ ಬೇಕು.

ಇಪ್ಪತ್ತು ಜನರೂ ಉಳಿದ ಎಂಟು ತಿಂಗಳು ಕಟ್ಟಿದರೆ ಎಂಟು ಲಕ್ಷ ಕೂಡುತ್ತದೆ. ಪಡೆಯಬೇಕಾದವರು ಒಂಬತ್ತು ಜನ, ಒಂದು ಲಕ್ಷ ಕಡಿಮೆ. ಎಲ್ಲರೂ ಇನ್ನೊಂದು ತಿಂಗಳು ಹೆಚ್ಚು ಕಟ್ಟಿದರೆ ತಲಾ 5,000 ನಷ್ಟದಲ್ಲಿ ಒಂಬತ್ತು ಜನಕ್ಕೂ ಹಣ ಸಿಗುತ್ತದೆ. ಅಂದರೆ ಹನ್ನೊಂದು ಜನರ ಎದುರು ಇರುವ ಆಯ್ಕೆ: ಸುಮ್ಮನಿದ್ದರೆ 40,000 ಉಳಿತಾಯ, ಮಾತಾಡಿದರೆ ಅದೂ ಹೋಗಿ 5,000 ಕೈಯಿಂದ. ಪುಸ್ತಕ ತೆರೆದು ಮೂವರ ಬಾಕಿ 1,05,000 ಎಂದು ಟೀಚರ್ ಓದಿದ ಮೇಲೆ ಆ ಹೆಚ್ಚುವರಿ ಕಂತೂ ಬೇಕಾಗುವುದಿಲ್ಲ, ಆದರೆ ಮೂವರ ಮುಖ ಸಭೆಯ ಮುಂದೆ ಬಯಲಾಗುತ್ತದೆ. ಈ ದೃಶ್ಯಕ್ಕೆ ಐದು ಸಾವಿರ ಪದ ಕೊಡಿ, ಅವಸರ ಬೇಡ. ಒಬ್ಬೊಬ್ಬರೂ ತಮ್ಮ ಸಬೂಬು ಎತ್ತಿಕೊಂಡು ಬರಲಿ. ಮೂರನೆಯ ಹೆಜ್ಜೆಯಲ್ಲಿ ಬರೆದ ಸಾಲುಗಳೆಲ್ಲ ಇಲ್ಲಿ ಕೆಲಸಕ್ಕೆ ಬರುತ್ತವೆ.

ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಸದಾನಂದ ಕೈಯಿಂದ ತುಂಬಿದ್ದ ಎಂದು ಗೊತ್ತಾದ ಕೂಡಲೇ ಅವನನ್ನು ದೇವರು ಮಾಡಿಬಿಡುವುದು ಒಂದು. ಏಳು ತಿಂಗಳು ಒಂಬತ್ತು ಜನರಿಂದ ಸತ್ಯ ಮುಚ್ಚಿಟ್ಟವನು ಅವನೇ. ಬಸು ಆ ಸಭೆಯಲ್ಲಿ ಎದ್ದು “ಮದ್ಲಽ ಹೇಳಿದ್ರ ನಾ ಕಟ್ಟೂದು ನಿಲ್ಲಿಸ್ತಿದ್ದೆ ಅಣ್ಣ” ಎನ್ನಲಿ, ಯಾರೂ ಉತ್ತರಿಸದಿರಲಿ. ಇನ್ನೊಂದು, ನಷ್ಟ ಅನುಭವಿಸುವವರನ್ನು ನಷ್ಟದ ಹೊತ್ತಿನಲ್ಲೇ ನಗೆಗೆ ಒಡ್ಡುವುದು. ಬಸುವನ್ನು ನೋಡಿ ನಗುವ ದೃಶ್ಯ ಬೇರೆಲ್ಲಾದರೂ ಇರಲಿ, ಹಣ ಹೋಯಿತೆಂದು ತಿಳಿದ ಪುಟದಲ್ಲಿ ಬೇಡ. ಆ ಪುಟದಲ್ಲಿ ನಗೆ ಬೇಕೆನಿಸಿದರೆ, ಸಮಾಧಾನ ಹೇಳಲು ಬಂದ ಹನ್ನೊಂದು ಜನರ ಮೇಲೆ ಬರಲಿ.

8. ಅಧ್ಯಾಯಗಳ ಹಂಚಿಕೆ ಮತ್ತು ಕೊನೆಯ ಓದು

ಎರಡು ಸಾವಿರ ಪದಗಳ ಸುಮಾರು 28 ಅಧ್ಯಾಯ, ಜೊತೆಗೆ ಆ ದೊಡ್ಡ ಸಭೆ. ಹಣ ಕಾಣೆಯಾದದ್ದು ಮೂರನೆಯದರೊಳಗೆ ತಿಳಿಯಲಿ. ಎರಡನೆಯ ತಿರುವು, ಅಂದರೆ ಹನ್ನೊಂದು ಜನರ ಲಾಭ, ನಡುಮಧ್ಯಕ್ಕೆ. ಚೀಟಿ ಪುಸ್ತಕ 22ರಿಂದ 24ರ ನಡುವೆ. ಅದಕ್ಕೂ ತಡವಾದರೆ ಸಭೆಗೆ ಜಾಗ ಸಾಲದು.

ಬರೆದು ಮುಗಿದ ಮೇಲೆ ಮೂರು ಸಲ ಓದಿ, ಪ್ರತಿ ಸಲ ಒಂದನ್ನೇ ಹುಡುಕಿ. ಮೊದಲು ಹಣ: ಪ್ರತಿ ಮೊತ್ತವನ್ನೂ ಹಾಳೆಯೊಂದಿಗೆ ತಾಳೆ ನೋಡಿ. ಓದುಗರಲ್ಲಿ ಒಬ್ಬರಾದರೂ ಕೂಡಿಸಿಯೇ ನೋಡುತ್ತಾರೆ. ಆಮೇಲೆ ಕೊಡೆ: ಅದು ಬರುವ ಪುಟಗಳನ್ನಷ್ಟೇ ಬಿಡಿಯಾಗಿ ತೆಗೆದು ಓದಿ, ಎಲ್ಲಿಯಾದರೂ ವಿವರಣೆ ನುಸುಳಿದ್ದರೆ ಕತ್ತರಿಸಿ. ಕೊನೆಗೆ ಸಂಭಾಷಣೆಯನ್ನು ಜೋರಾಗಿ ಓದಿಸಿ. ಕರಾವಳಿಯವರೊಬ್ಬರು, ಉತ್ತರ ಕರ್ನಾಟಕದವರೊಬ್ಬರು, ಮುಂಬಯಿಯಲ್ಲೇ ಬೆಳೆದವರೊಬ್ಬರು ತಂತಮ್ಮ ಕಡೆಯ ಪಾತ್ರದ ಮಾತು ಓದಲಿ. ಅವರು ತಡವರಿಸಿದ ಸಾಲಿಗೆ ಗುರುತು ಹಾಕಿ, ‘ನೀವಾದರೆ ಹೇಗೆ ಹೇಳುತ್ತಿದ್ದಿರಿ?’ ಎಂದು ಕೇಳಿ, ಅವರು ಹೇಳಿದ್ದನ್ನೇ ಬರೆದುಕೊಳ್ಳಿ.